ಕಾರ್ಥೇಜ್ ಕೈಬಿಟ್ಟ ಮೇಲೆ
(ಪಶ್ಚಿಮ ರೋಮನ್ ಸಾಮ್ರಾಜ್ಯದ ಅವಸಾನ ಕುರಿತ ದತ್ತಿ ಉಪನ್ಯಾಸದ ಪಠ್ಯ)



ಕ್ರಿ.ಶ. 476ರಲ್ಲಿ ರೋಮನ್ ಸಾಮ್ರಾಜ್ಯ ಪತನವಾಯಿತು ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಆ ವಾಕ್ಯವನ್ನು ಓದಿದಾಗ ಕೋಟೆಯ ಬಾಗಿಲು ಮುರಿದು ಒಳನುಗ್ಗುವ ದಂಡು, ಹೊತ್ತಿ ಉರಿಯುವ ರಾಜಧಾನಿ ಕಣ್ಣಮುಂದೆ ಬರುತ್ತವೆ. 476ರಲ್ಲಿ ಅಂಥದ್ದೇನೂ ನಡೆಯಲಿಲ್ಲ. ಆ ವರ್ಷದ ಸೆಪ್ಟೆಂಬರ್ 4ರಂದು ಓಡೊವಾಕರ್ ಎಂಬ ಸೇನಾನಿ ರವೆನ್ನಾ ನಗರದಲ್ಲಿ ರೊಮುಲುಸ್ ಎಂಬ ಹುಡುಗನನ್ನು ಪಟ್ಟದಿಂದ ಇಳಿಸಿದ. ಕೊಲ್ಲಲಿಲ್ಲ, ವರ್ಷಕ್ಕೆ 6,000 ಚಿನ್ನದ ನಾಣ್ಯಗಳ ಪಿಂಚಣಿ ಗೊತ್ತುಮಾಡಿ, ನೇಪಲ್ಸ್ ಸೀಮೆಯಲ್ಲಿ ಬಂಧುಗಳೊಡನೆ ಬದುಕಿಕೊಳ್ಳಲು ಕಳಿಸಿಕೊಟ್ಟ. ಪಶ್ಚಿಮಕ್ಕೆ ಇನ್ನು ಬೇರೆ ಚಕ್ರವರ್ತಿ ಬೇಕಿಲ್ಲ ಎಂಬ ಮಾತು ಸೆನೆಟ್ಟಿನ ದೂತರ ಮೂಲಕ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಜೀನೊಗೆ ತಲುಪಿತು, ರಾಜಲಾಂಛನಗಳೂ ಹೋದವು. ಇಷ್ಟು ಸುಲಭವಾಗಿ ಇಳಿಸಬಹುದಾದ ಪಟ್ಟವೆಂದರೆ ಅದರ ಕೆಳಗಿನ ನೆಲ ಬಹಳ ಮೊದಲೇ ಕುಸಿದಿರಬೇಕು. ಯಾವಾಗ, ಹೇಗೆ ಕುಸಿಯಿತು ಎಂಬುದೇ ಇಂದಿನ ನನ್ನ ವಿಷಯ.

ಈ ಪ್ರಶ್ನೆಗೆ ಉತ್ತರಗಳ ಕೊರತೆಯಿಲ್ಲ. ಎಡ್ವರ್ಡ್ ಗಿಬ್ಬನ್ 1776ರಲ್ಲಿ ತನ್ನ ಮಹಾಗ್ರಂಥದ ಮೊದಲ ಸಂಪುಟವನ್ನು ಹೊರತಂದು, 1788ರ ಹೊತ್ತಿಗೆ ಆರು ಸಂಪುಟಗಳನ್ನು ಮುಗಿಸಿದ. ಅಲ್ಲಿಂದ ಈಚೆಗೆ ತಲೆಮಾರಿಗೊಂದರಂತೆ ಹೊಸ ವಿವರಣೆಗಳು ಬಂದಿವೆ. ಜರ್ಮನಿಯ ಚರಿತ್ರಕಾರ ಅಲೆಕ್ಸಾಂಡರ್ ಡೆಮಾಂಟ್ 1984ರಲ್ಲಿ ಇವನ್ನೆಲ್ಲ ಕಲೆಹಾಕಿದಾಗ 210 ಕಾರಣಗಳ ಪಟ್ಟಿಯಾಯಿತು. ಕ್ರೈಸ್ತ ಧರ್ಮದಿಂದ ಹಿಡಿದು ನೀರಿನ ಕೊಳವೆಯ ಸೀಸದ ವಿಷದವರೆಗೆ ಎಲ್ಲವೂ ಅದರಲ್ಲಿವೆ. ಗಿಬ್ಬನ್ನನ ವಿದ್ವತ್ತಿಗೆ ನಾನು ತಲೆಬಾಗುತ್ತೇನೆ. ಆದರೆ ಒಂದು ಜನಾಂಗದ ಶೀಲ ಸಡಿಲವಾದದ್ದರಿಂದ ಸಾಮ್ರಾಜ್ಯ ಬಿತ್ತು ಎಂಬ ಬಗೆಯ ವಿವರಣೆ ನನಗೆ ಒಪ್ಪಿಗೆಯಾಗಿಲ್ಲ. ಅದೇ ಜನ, ಅದೇ ಧರ್ಮ, ಅದೇ ಕಾನೂನು ಇದ್ದ ಪೂರ್ವಾರ್ಧ ಮತ್ತೆ ಸಾವಿರ ವರ್ಷ ಬಾಳಿತಲ್ಲ! ನಾನು ಹಿಡಿದುಕೊಳ್ಳುವ ಎಳೆ ಒಂದೇ. ರೈತನ ಹೊಲದಿಂದ ತೆರಿಗೆ ಬೊಕ್ಕಸಕ್ಕೆ ಬರುತ್ತಿತ್ತು, ಬೊಕ್ಕಸದಿಂದ ಸಂಬಳ ಸೈನಿಕನಿಗೆ ಹೋಗುತ್ತಿತ್ತು, ಸೈನಿಕ ಆ ಹೊಲವನ್ನು ಕಾಯುತ್ತಿದ್ದ. ಈ ಸುತ್ತು ಎಲ್ಲಿ ಕಡಿಯಿತು, ಕಡಿಯುತ್ತಿರುವಾಗ ಅದನ್ನು ಕಟ್ಟಬಲ್ಲವರು ಏನು ಮಾಡುತ್ತಿದ್ದರು ಎಂದು ನೋಡಿದರೆ ನೂರಾರು ಕಾರಣಗಳಿಗೆ ಒಂದು ಕ್ರಮ ಸಿಗುತ್ತದೆ.

ಮೂರನೆಯ ಶತಮಾನದಲ್ಲೇ ರೋಮ್ ಒಮ್ಮೆ ಮುರಿದುಬೀಳುವ ಹಂತಕ್ಕೆ ಬಂದಿತ್ತು. 235ರಿಂದ 284ರವರೆಗಿನ ಅರ್ಧ ಶತಮಾನದಲ್ಲಿ ಹೆಚ್ಚಿನ ಚಕ್ರವರ್ತಿಗಳು ಸತ್ತದ್ದು ಕತ್ತಿಯಿಂದ. 260ರಲ್ಲಿ ವಲೇರಿಯನ್ ಪರ್ಷಿಯದ ಶಾಪೂರನ ಸೆರೆಯಾದ. ಬೆಳ್ಳಿ ನಾಣ್ಯದಲ್ಲಿ ಬೆಳ್ಳಿ ನೂರಕ್ಕೆ ಐದು ಪಾಲೂ ಉಳಿಯಲಿಲ್ಲ. ಅಂಥ ಸ್ಥಿತಿಯಿಂದ ಚಕ್ರವರ್ತಿಗಳಾದ ಡಯೋಕ್ಲೀಷಿಯನ್ ಮತ್ತು ಕಾನ್‌ಸ್ಟಂಟೈನ್ ಅದನ್ನು ಎತ್ತಿ ನಿಲ್ಲಿಸಿದರು. ಭೂಮಿಯನ್ನು ಅಳೆದು ಹೊಸದಾಗಿ ಕಂದಾಯ ಕಟ್ಟಿದರು, ಸೇನೆಯನ್ನು ಬೆಳೆಸಿದರು. ಒಂದು ಪೌಂಡ್ ಚಿನ್ನಕ್ಕೆ 72ರಂತೆ ಸಾಲಿಡಸ್ ಎಂಬ ನಾಣ್ಯ ಹೊರಟಿತು. ಒಂದೊಂದರ ತೂಕ ಸುಮಾರು ನಾಲ್ಕೂವರೆ ಗ್ರಾಂ. ನಾಲ್ಕನೆಯ ಶತಮಾನದ ಸೇನೆಯಲ್ಲಿ ನಾಲ್ಕು ಲಕ್ಷದಿಂದ ಆರು ಲಕ್ಷದವರೆಗೆ ಸೈನಿಕರಿದ್ದರೆಂದು ವಿದ್ವಾಂಸರ ಅಂದಾಜು. ರಾಜ್ಯದ ವರಮಾನದಲ್ಲಿ ದೊಡ್ಡ ಪಾಲು ಇವರ ಊಟ, ಬಟ್ಟೆ, ಸಂಬಳಗಳಿಗೇ ಹೋಗುತ್ತಿತ್ತು. ಕೈಗಾರಿಕೆಯಿಲ್ಲದ ಕಾಲದ ಒಂದು ರಾಜ್ಯ ಇಷ್ಟು ದೊಡ್ಡ ಸಂಬಳದ ಸೇನೆಯನ್ನು ಸಾಕಿದ್ದೇ ಒಂದು ಅದ್ಭುತ. ಆದರೆ ಅದು ಬಿಗಿಯಾಗಿ ಕಟ್ಟಿದ ಲೆಕ್ಕ. ಎರಡು ಪ್ರಾಂತ ಕೈಬಿಟ್ಟರೆ ಮೂರನೆಯದನ್ನು ಕಾಯಲು ಹಣವಿರುವುದಿಲ್ಲ.

ಈ ಲೆಕ್ಕಕ್ಕೆ ಮೊದಲ ಪೆಟ್ಟು ಬಿದ್ದದ್ದು ಡ್ಯಾನ್ಯೂಬ್ ನದಿಯ ದಡದಲ್ಲಿ. 376ರಲ್ಲಿ ಹೂಣರಿಗೆ ಹೆದರಿ ಗಾಥರು ಆಶ್ರಯ ಕೇಳಿಕೊಂಡು ನದಿ ದಾಟಿದರು. ಹೊಟ್ಟೆಗಿಲ್ಲದ ಅವರಿಗೆ ರೋಮನ್ ಅಧಿಕಾರಿಗಳು ನಾಯಿಯ ಮಾಂಸ ಮಾರಿದರು, ಪ್ರತಿಯಾಗಿ ಅವರ ಮಕ್ಕಳನ್ನು ಗುಲಾಮರನ್ನಾಗಿ ತೆಗೆದುಕೊಂಡರು. ಇದನ್ನು ಬರೆದಿಟ್ಟ ಅಮ್ಮಿಯಾನುಸ್ ಮಾರ್ಸೆಲ್ಲಿನುಸ್ ಶತ್ರುಪಕ್ಷದವನಲ್ಲ. ರೋಮ್‌ನ ಸೇನೆಯಲ್ಲಿ ದುಡಿದವನು, ರೋಮನ್ನು ಪ್ರೀತಿಸಿದವನು. ಎರಡು ವರ್ಷಗಳ ನಂತರ, 378ರ ಆಗಸ್ಟ್ 9ರಂದು, ಏಡ್ರಿಯಾನೋಪಲ್ ಬಯಲಿನಲ್ಲಿ ಚಕ್ರವರ್ತಿ ವಾಲೆನ್ಸ್ ಸತ್ತ, ಅವನ ಸೇನೆಯ ಮೂರನೆಯ ಎರಡು ಭಾಗ ನಾಶವಾಯಿತು. ಆಮೇಲೆ ಗಾಥರು ಸಾಮ್ರಾಜ್ಯದ ಒಳಗೇ ಉಳಿದರು. ಒಮ್ಮೆ ಮಿತ್ರರು, ಒಮ್ಮೆ ಶತ್ರುಗಳು, ಯಾವಾಗಲೂ ಶಸ್ತ್ರಧಾರಿಗಳು. 406ರ ಕೊನೆಯ ದಿನ ವ್ಯಾಂಡಲರು, ಅಲನರು, ಸುಯೆಬಿಗಳು ರೈನ್ ನದಿ ದಾಟಿ ಗಾಲ್ ಪ್ರಾಂತಕ್ಕೆ, ಎಂದರೆ ಇಂದಿನ ಫ್ರಾನ್ಸಿಗೆ, ನುಗ್ಗಿದರು. ಮೂರು ವರ್ಷ ಅಲ್ಲಿ ಸೂರೆ ಮಾಡಿ ಸ್ಪೇನಿಗೆ ಇಳಿದರು. ಇದೇ ಸುಮಾರಿನಲ್ಲಿ ಬ್ರಿಟನ್ ಕೈಬಿಟ್ಟಿತು.

ಈಗ ರೋಮ್ ನಗರದ ಒಳಗೆ ನೋಡೋಣ. ಐದನೆಯ ಶತಮಾನದ ಗ್ರೀಕ್ ಚರಿತ್ರಕಾರ ಒಲಿಂಪಿಯೋಡೋರಸ್ ಸೆನೆಟರುಗಳ ಮನೆಯ ಲೆಕ್ಕ ಬರೆದಿದ್ದಾನೆ. ದೊಡ್ಡ ಮನೆತನಗಳಿಗೆ ಜಮೀನಿನಿಂದ ವರ್ಷಕ್ಕೆ 4,000 ಪೌಂಡ್ ಚಿನ್ನ ಬರುತ್ತಿತ್ತು; ಅದರ ಮೇಲೆ ಮೂರನೆಯ ಒಂದರಷ್ಟು ಬೆಲೆಯ ದವಸ, ವೈನ್ ಬೇರೆ. ರೋಮನ್ ಪೌಂಡ್ ಎಂದರೆ ಸುಮಾರು 327 ಗ್ರಾಂ. ಅಂದರೆ ಒಂದು ಕುಟುಂಬದ ವಾರ್ಷಿಕ ಆದಾಯ 1,300 ಕಿಲೋ ಚಿನ್ನ! ಮ್ಯಾಕ್ಸಿಮಸ್ ಎಂಬ ಶ್ರೀಮಂತ ಮಗನಿಗೆ ಪ್ರೇಟರ್ ಪದವಿ ಬಂದಾಗ ನಡೆಸಿದ ಆಟೋಟಗಳಿಗೆ 4,000 ಪೌಂಡ್ ಚಿನ್ನ ಖರ್ಚು ಮಾಡಿದ. ಇದೇ ವರ್ಗದವರನ್ನು ನಿಮ್ಮ ಜಮೀನಿನಿಂದ ಸೇನೆಗೆ ಆಳುಗಳನ್ನು ಕಳಿಸಿ ಎಂದು ಸರ್ಕಾರ ಕೇಳಿದಾಗ ಆಳು ಕೊಡುವುದಿಲ್ಲ, ತಲೆಗೆ ಇಷ್ಟೆಂದು ನಾಣ್ಯ ಕೊಡುತ್ತೇವೆ ಎಂದು ಚೌಕಾಸಿ ಮಾಡಿದರು. ಗೇಣಿದಾರ ಸೇನೆಗೆ ಹೋದರೆ ಉಳುವವರು ಯಾರು ಎಂಬುದು ಅವರ ಚಿಂತೆ. ಬಡವರು ಸೇನೆಯನ್ನು ತಪ್ಪಿಸಿಕೊಳ್ಳಲು ಹೆಬ್ಬೆರಳು ಕತ್ತರಿಸಿಕೊಳ್ಳುತ್ತಿದ್ದರು. ಅಂಥ ಇಬ್ಬರನ್ನು ಕೊಟ್ಟರೆ ಒಬ್ಬ ಸರಿಯಾದ ಆಳಿನ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದು 381ರ ಶಾಸನವೊಂದು ಹೇಳುತ್ತದೆ. ಅಧಿಕಾರದ ಭಾಷೆಯಲ್ಲಿ ಬರೆದ ಆ ಒಂದು ಸಾಲಿನಲ್ಲಿ ಎಷ್ಟು ಮನೆಗಳ ನೋವಿದೆ ಎಂದು ಯೋಚಿಸಿ ನೋಡಿ.

408ರಲ್ಲಿ ಗಾಥರ ನಾಯಕ ಅಲಾರಿಕ್ ರೋಮ್‌ಗೆ ಮುತ್ತಿಗೆ ಹಾಕಿದ. ಅದೇ ವರ್ಷದ ಆಗಸ್ಟಿನಲ್ಲಿ ಪಶ್ಚಿಮದ ಸಮರ್ಥ ದಂಡನಾಯಕ ಸ್ಟಿಲಿಕೊನನ್ನು ಚಕ್ರವರ್ತಿ ಹೊನೋರಿಯಸ್ ಕೊಲ್ಲಿಸಿದ್ದ. ಸೇನೆಯಲ್ಲಿದ್ದ ಹೊರಗಿನ ಕುಲದ ಸೈನಿಕರ ಹೆಂಡಿರು ಮಕ್ಕಳನ್ನು ಇಟಲಿಯ ಊರುಗಳಲ್ಲಿ ಕೊಂದರು. ಆ ಸೈನಿಕರೆಲ್ಲ ಅಲಾರಿಕ್‌ನ ಪಾಳೆಯಕ್ಕೆ ಹೋದರು. ಮುತ್ತಿಗೆ ತೆಗೆಯಲು ಅವನು ಕೇಳಿದ ದಂಡ 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ಅಂಗಿ, 3,000 ಕೆಂಪು ತೊಗಲು ಮತ್ತು 3,000 ಪೌಂಡ್ ಕರಿಮೆಣಸು. ಆ ಮೆಣಸು ನಮ್ಮ ಪಡುಗಡಲ ತೀರದ್ದು. ಘಟ್ಟದ ಬಳ್ಳಿಯಿಂದ ಬಿಡಿಸಿದ ಕಾಳು ಕೆಂಪು ಸಮುದ್ರ, ಈಜಿಪ್ಟುಗಳನ್ನು ಹಾಯ್ದು ರೋಮ್‌ನ ಉಗ್ರಾಣ ಸೇರಿ, ಕೊನೆಗೆ ಒಂದು ನಗರದ ಪ್ರಾಣ ಉಳಿಸಲು ತೂಗಿಕೊಟ್ಟ ದಂಡವಾಯಿತು. ಈ ವ್ಯಾಪಾರದ ಮೊದಲ ಶತಮಾನಗಳಲ್ಲಿ ಅತ್ತಲಿಂದ ಹರಿದುಬಂದ ಬೆಳ್ಳಿಯ ಗುರುತು ನಮ್ಮಲ್ಲೇ ಇದೆ: ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಚಕ್ರವರ್ತಿ ತಿಬೇರಿಯಸ್‌ನ ನಾಣ್ಯ ಸಿಕ್ಕಿದೆ, ಬೆಂಗಳೂರಿನ ಯಶವಂತಪುರದಲ್ಲೂ ರೋಮನ್ ನಾಣ್ಯಗಳ ನಿಧಿ ಸಿಕ್ಕಿತ್ತು.

ಅಲಾರಿಕ್ ಕೇಳಿದ ಚಿನ್ನ ಎಷ್ಟೆಂಬುದನ್ನು ಮತ್ತೊಮ್ಮೆ ಗಮನಿಸಿ. 5,000 ಪೌಂಡ್. ಒಂದು ದೊಡ್ಡ ಮನೆತನದ ಒಂದು ವರ್ಷದ ಆದಾಯಕ್ಕಿಂತ ತುಸು ಹೆಚ್ಚು. ಪಲ್ಲಾಡಿಯಸ್ ಎಂಬವನನ್ನು ನೇಮಿಸಿ, ಪ್ರತಿ ಸೆನೆಟರಿನ ಆಸ್ತಿಗೆ ತಕ್ಕಂತೆ ಪಾಲು ಹಾಕಿದರು. ವಸೂಲಿ ಪೂರ್ತಿಯಾಗಲಿಲ್ಲ. ಆಸ್ತಿಯವರು ಒಂದಷ್ಟನ್ನು ಬಚ್ಚಿಟ್ಟರು, ಇಲ್ಲವೇ ಚಕ್ರವರ್ತಿಗಳ ದುರಾಸೆಯಿಂದ ನಗರವೇ ಬಡವಾಗಿತ್ತು ಎಂದು ಚರಿತ್ರಕಾರ ಜೊಸಿಮಸ್ ಎರಡು ಸಾಧ್ಯತೆಗಳನ್ನೂ ಮುಂದಿಡುತ್ತಾನೆ. ಒಲಿಂಪಿಯೋಡೋರಸ್ ಕೊಟ್ಟ ಅಂಕಿಗಳನ್ನು ನೋಡಿದ ಮೇಲೆ ನನಗೆ ಮೊದಲನೆಯದೇ ಹೆಚ್ಚು ನಂಬಿಕೆಗೆ ತಕ್ಕದ್ದೆನಿಸುತ್ತದೆ. ಕೊರತೆ ತುಂಬಲು ದೇವತೆಗಳ ವಿಗ್ರಹಗಳ ಒಡವೆ ಕಿತ್ತರು, ಚಿನ್ನ ಬೆಳ್ಳಿಯ ಕೆಲವು ವಿಗ್ರಹಗಳನ್ನೇ ಕರಗಿಸಿದರು. ಕರಗಿದವುಗಳಲ್ಲಿ ಶೌರ್ಯದ ದೇವತೆಯದೂ ಒಂದು. ಅಲಾರಿಕ್ ದಂಡ ತೆಗೆದುಕೊಂಡು ಹಿಂದೆ ಸರಿದ, ಮಾತುಕತೆ ಮುರಿದು ಮತ್ತೆ ಬಂದ, 410ರ ಆಗಸ್ಟ್ 24ರಂದು ನಗರ ಹೊಕ್ಕು ಮೂರು ದಿನ ಕೊಳ್ಳೆ ಹೊಡೆದ. ಲೋಕವೇ ಬೆಚ್ಚಿಬಿದ್ದ ಘಟನೆ ಅದು. ದೂರದ ಬೆತ್ಲೆಹೆಮ್ಮಿನಲ್ಲಿ ಕ್ರೈಸ್ತ ವಿದ್ವಾಂಸ ಜೆರೋಮ್ ಕಣ್ಣೀರಿಟ್ಟ. ಆಫ್ರಿಕದ ಹಿಪ್ಪೊ ನಗರದಲ್ಲಿ ಬಿಷಪ್ ಆಗಿದ್ದ ಅಗಸ್ಟೀನ್ ತನ್ನ ದೊಡ್ಡ ಗ್ರಂಥವನ್ನು ಬರೆಯತೊಡಗಿದ. ಆದರೂ ಸಾಮ್ರಾಜ್ಯದ ಬೆನ್ನೆಲುಬು ಮುರಿದದ್ದು 410ರಲ್ಲಿ ಅಲ್ಲ. ರಾಜಧಾನಿ ರವೆನ್ನಾಕ್ಕೆ ಹೋಗಿತ್ತು, ತೆರಿಗೆ ಬರುವ ಸೀಮೆಗಳಲ್ಲಿ ಅತ್ಯಂತ ಸಮೃದ್ಧವಾದದ್ದು ಇನ್ನೂ ಸುರಕ್ಷಿತವಾಗಿತ್ತು.

ಆ ಸೀಮೆಯೇ ಉತ್ತರ ಆಫ್ರಿಕ, ಇಂದಿನ ಟುನೀಸಿಯ ಮತ್ತು ಅಲ್ಜೀರಿಯದ ಕಡಲಂಚು. ಇಲ್ಲಿ ಸ್ವಲ್ಪ ನಿಲ್ಲಬೇಕು. ಜೂಲಿಯಸ್ ಸೀಸರನ ಕಾಲದಿಂದಲೂ ಅದು ಗೋಧಿಯ ನಾಡು, ಆಮೇಲೆ ಆಲಿವ್ ಎಣ್ಣೆಯ ನಾಡೂ ಆಯಿತು. 330ರಲ್ಲಿ ಕಾನ್‌ಸ್ಟಾಂಟಿನೋಪಲ್ ಹುಟ್ಟಿದ ಮೇಲೆ ಈಜಿಪ್ಟಿನ ಗೋಧಿ ಅತ್ತ ತಿರುಗಿತು, ರೋಮ್ ನಗರದ ಹೊಟ್ಟೆ ಪೂರ್ತಿ ಆಫ್ರಿಕವನ್ನೇ ನಂಬಿಕೊಂಡಿತು. ತೆರಿಗೆಯ ಗೋಧಿಯನ್ನು ಹೊತ್ತ ಹಡಗುಗಳು ಕಾರ್ಥೇಜ್ ಬಂದರಿನಿಂದ ಹೊರಡುತ್ತಿದ್ದವು. ಅದೇ ಹಡಗುಗಳ ಮೂಲೆಯಲ್ಲಿ ಎಣ್ಣೆಯ ಜಾಡಿಗಳೂ ನುಣುಪಾದ ಕೆಂಪು ಮಡಕೆಗಳೂ ಕಡಿಮೆ ಬಾಡಿಗೆಗೆ ಸಾಗುತ್ತಿದ್ದವು. ಆ ಕೆಂಪು ಮಡಕೆಯ ಚೂರುಗಳು ಇಂದು ಮೆಡಿಟರೇನಿಯನ್ ಸುತ್ತಲ ಎಲ್ಲ ದೇಶಗಳ ನೆಲದಲ್ಲೂ ಸಿಗುತ್ತವೆ. ಇಷ್ಟು ಕೊಡುತ್ತಿದ್ದ ನಾಡು ರಕ್ಷಣೆಗಾಗಿ ಬೇಡುತ್ತಿದ್ದದ್ದು ಕಡಿಮೆ. ರೈನ್, ಡ್ಯಾನ್ಯೂಬ್ ಗಡಿಗಳಲ್ಲಿ ನಿಂತಷ್ಟು ಸೇನೆ ಅಲ್ಲಿ ಬೇಕಿರಲಿಲ್ಲ. ಹೀಗಾಗಿ ಅಲ್ಲಿನ ತೆರಿಗೆ ಇಟಲಿಯ, ಗಾಲ್‌ನ ಸೈನಿಕನ ಸಂಬಳವಾಗುತ್ತಿತ್ತು. ಪಶ್ಚಿಮ ರೋಮ್‌ನ ಮನೆ ನಡೆಯುತ್ತಿದ್ದುದು ಈ ಒಬ್ಬ ಮಗ ಕಳಿಸುತ್ತಿದ್ದ ಹಣದಿಂದ.

429ರ ಬೇಸಿಗೆಯಲ್ಲಿ ವ್ಯಾಂಡಲರ ರಾಜ ಗೈಸೆರಿಕ್ ಸ್ಪೇನಿನ ತುದಿಯಿಂದ ಜಲಸಂಧಿ ದಾಟಿ ಆಫ್ರಿಕಕ್ಕೆ ಇಳಿದ. ಮುದುಕರು, ಮಕ್ಕಳು, ಗುಲಾಮರು ಎಲ್ಲ ಸೇರಿ 80,000 ಜನ ಎಂದು ವೀಟಾದ ಬಿಷಪ್ ವಿಕ್ಟರ್ ಬರೆದಿದ್ದಾನೆ. ಇಷ್ಟು ಮಂದಿ ಸಮುದ್ರ ದಾಟುವಾಗ ಯಾರೂ ಅಡ್ಡಬರಲಿಲ್ಲ. ಏಕೆ? ಬಾಲಕ ಚಕ್ರವರ್ತಿ ಮೂರನೆಯ ವ್ಯಾಲೆಂಟಿನಿಯನ್, ಅವನ ಹೆಸರಿನಲ್ಲಿ ಆಳುತ್ತಿದ್ದ ತಾಯಿ ಗಲ್ಲಾ ಪ್ಲಾಸಿಡಿಯಾ, ಅವರ ಸುತ್ತ ಮೇಲುಗೈಗಾಗಿ ಹೊಡೆದಾಡುತ್ತಿದ್ದ ಮೂವರು ದಂಡನಾಯಕರು: ಫೆಲಿಕ್ಸ್, ಬೋನಿಫೇಸ್, ಏಟಿಯಸ್. 430ರಲ್ಲಿ ಫೆಲಿಕ್ಸ್ ಕೊಲೆಯಾದ. 432ರಲ್ಲಿ ಉಳಿದಿಬ್ಬರು ಇಟಲಿಯ ರಿಮಿನಿ ಹತ್ತಿರ ಎದುರುಬದುರಾದರು. ಬೋನಿಫೇಸ್ ಗೆದ್ದ, ಗಾಯದಿಂದ ಸತ್ತ. ಸಾಮ್ರಾಜ್ಯದ ಅತ್ಯುತ್ತಮ ದಂಡುಗಳು ಒಂದನ್ನೊಂದು ಕಡಿಯುತ್ತಿದ್ದ ಆ ವರ್ಷಗಳಲ್ಲೇ ವ್ಯಾಂಡಲರು ಕರಾವಳಿಗುಂಟ ಪೂರ್ವಕ್ಕೆ ನಡೆದರು. ಹಿಪ್ಪೊ ನಗರಕ್ಕೆ ಮುತ್ತಿಗೆ ಬಿದ್ದ ಮೂರನೆಯ ತಿಂಗಳು, 430ರ ಆಗಸ್ಟ್ 28ರಂದು, ಅಗಸ್ಟೀನ್ ಗೋಡೆಯೊಳಗೇ ಕಣ್ಣುಮುಚ್ಚಿದ. ಪೂರ್ವದಿಂದ ಬಂದ ನೆರವಿನ ಸೇನೆಯೂ ಸೋತಿತು. 435ರಲ್ಲಿ ಒಪ್ಪಂದವಾಯಿತು: ಆಫ್ರಿಕದ ಪಶ್ಚಿಮದ ಬಡ ಸೀಮೆಗಳು ವ್ಯಾಂಡಲರಿಗೆ, ಕಾರ್ಥೇಜ್ ರೋಮ್‌ಗೆ.

ಗೈಸೆರಿಕ್ ನಾಲ್ಕು ವರ್ಷ ಕಾದ. ಏಟಿಯಸ್ ಗಾಲ್‌ನಲ್ಲಿ ಗಾಥರೊಡನೆ ಯುದ್ಧದಲ್ಲಿ ಸಿಕ್ಕಿಕೊಂಡಿದ್ದಾಗ, 439ರ ಅಕ್ಟೋಬರ್ 19ರಂದು, ಒಪ್ಪಂದ ಮುರಿದು ಕಾರ್ಥೇಜನ್ನು ಹಠಾತ್ತನೆ ಹಿಡಿದುಬಿಟ್ಟ. ಗೋಡೆಯ ಹೊರಗೆ ಶತ್ರು, ಒಳಗೆ ರಂಗಮಂದಿರದಲ್ಲಿ ಜನರ ಕೇಕೆ ಎಂದು ಮಾರ್ಸೆಯ ಪಾದ್ರಿ ಸಾಲ್ವಿಯನ್ ಆ ನಗರವನ್ನು ಕಟುವಾಗಿ ಟೀಕಿಸಿದ್ದಾನೆ. ಅವನು ನೀತಿಬೋಧಕ, ಅವನ ಮಾತನ್ನು ಸ್ವಲ್ಪ ತೂಗಿ ತೆಗೆದುಕೊಳ್ಳಬೇಕು. ಆದರೆ ಅದೇ ಸಾಲ್ವಿಯನ್ ಇನ್ನೊಂದು ಮಾತು ಹೇಳುತ್ತಾನೆ, ಅದನ್ನು ನಾನು ಪೂರ್ತಿ ನಂಬುತ್ತೇನೆ: ತೆರಿಗೆಯ ಹೊರೆ ತಾಳಲಾರದೆ ಬಡವರು ರೋಮನ್ ಸೀಮೆ ಬಿಟ್ಟು ಗಾಥರ ಸೀಮೆಗೆ ಓಡಿಹೋಗುತ್ತಿದ್ದರು, ತೆರಿಗೆ ಏರಿಸುವಾಗ ಬಡವರ ಮೇಲೆ, ಇಳಿಸುವಾಗ ಶ್ರೀಮಂತರ ಮೇಲಿಂದ.

ಕಾರ್ಥೇಜ್ ಹೋದ ಸುದ್ದಿಗೆ ರವೆನ್ನಾ ನಡುಗಿದ್ದು ಆ ವರ್ಷಗಳ ಶಾಸನಗಳಲ್ಲಿ ಎದ್ದು ಕಾಣುತ್ತದೆ. 440ರಲ್ಲಿ ಚಕ್ರವರ್ತಿ, ಕಡಲಿನಿಂದ ಶತ್ರು ಎಲ್ಲಿ ಇಳಿಯುತ್ತಾನೋ ತಿಳಿಯದು, ಪ್ರಜೆಗಳೇ ಆಯುಧ ಹಿಡಿದು ತಮ್ಮ ಊರು ಕಾಯಬಹುದು ಎಂದು ಸಾರಿದ. ಪ್ರಜೆಗಳ ಕೈಗೆ ಆಯುಧ ಕೊಡುವುದಕ್ಕೆ ಸದಾ ಹೆದರಿದ ರಾಜ್ಯ ಇದನ್ನು ಹೇಳಬೇಕಾಯಿತು. 441ರಲ್ಲಿ ಪೂರ್ವ, ಪಶ್ಚಿಮ ಎರಡೂ ಸೇರಿ ಸಿಸಿಲಿಯಲ್ಲಿ ಭಾರಿ ನೌಕಾಪಡೆ ಕೂಡಿಸಿದವು. ಅದು ಹೊರಡುವ ಮೊದಲೇ ಡ್ಯಾನ್ಯೂಬಿನಾಚೆಯಿಂದ ಹೂಣರು ನುಗ್ಗಿದರು, ಪೂರ್ವದ ಪಡೆ ವಾಪಸಾಯಿತು. 442ರಲ್ಲಿ ಕಾರ್ಥೇಜ್ ವ್ಯಾಂಡಲರದೇ ಎಂದು ಒಪ್ಪಿ ಸಹಿಹಾಕಬೇಕಾಯಿತು. ಪ್ರತಿಯಾಗಿ ರೋಮ್‌ಗೆ ಮರಳಿದ ಆಫ್ರಿಕದ ಪಶ್ಚಿಮದ ಸೀಮೆಗಳು ಎಷ್ಟು ಹಾಳಾಗಿದ್ದವೆಂದರೆ, 445ರಲ್ಲಿ ಅಲ್ಲಿನ ತೆರಿಗೆಯನ್ನು ಹಿಂದಿನದರ ಎಂಟನೆಯ ಒಂದು ಭಾಗಕ್ಕೆ ಇಳಿಸಿದರು. ಅದಕ್ಕೂ ಸ್ವಲ್ಪ ಮೊದಲು ಹೊರಟ ಇನ್ನೊಂದು ಶಾಸನ, ನನ್ನ ಮಟ್ಟಿಗೆ, ಇಡೀ ಕಥೆಯಲ್ಲಿ ಅತ್ಯಂತ ಮುಖ್ಯ ದಾಖಲೆ. ಹೊಸ ಸೈನಿಕರ ಮಾತಿರಲಿ, ಇರುವ ಹಳೆಯ ಸೇನೆಗೆ ಅನ್ನ ಬಟ್ಟೆ ಕೊಡಲೂ ಬೊಕ್ಕಸದಲ್ಲಿ ಸಾಲುತ್ತಿಲ್ಲ ಎಂದು ಚಕ್ರವರ್ತಿ ತಾನೇ ಒಪ್ಪಿಕೊಂಡು, ಪ್ರತಿ ಮಾರಾಟದ ಮೇಲೆ ಇಪ್ಪತ್ತನಾಲ್ಕನೆಯ ಒಂದು ಭಾಗ ಹೊಸ ತೆರಿಗೆ ಹಾಕುತ್ತಾನೆ. 439ಕ್ಕೂ ಈ ಒಪ್ಪಿಗೆಗೂ ನಡುವೆ ಐದಾರು ವರ್ಷ. ಅಷ್ಟರಲ್ಲಿ ಸಾಮ್ರಾಜ್ಯ ತನ್ನ ಸೈನಿಕರಿಗೆ ಸಂಬಳ ಕೊಡಲಾರದ ಸ್ಥಿತಿಗೆ ಬಂದಿತ್ತು. ಪಶ್ಚಿಮ ರೋಮ್‌ನ ಪತನಕ್ಕೆ ಒಂದೇ ದಿನಾಂಕ ಹೇಳಬೇಕೆಂದರೆ ನಾನು 476ನ್ನು ಬಿಟ್ಟು 439ರ ಅಕ್ಟೋಬರ್ 19ನ್ನೇ ಹೇಳುವುದು ಇದಕ್ಕಾಗಿ.

ಆಮೇಲಿನದನ್ನು ವಿಧಿ ಎಂದು ಕೈಚೆಲ್ಲಬಾರದು. ಸಮರ್ಥರಿದ್ದರು, ಪ್ರಯತ್ನಪಟ್ಟರು. 451ರಲ್ಲಿ ಏಟಿಯಸ್ ಗಾಥರನ್ನು ಜೊತೆಗೆ ಕಟ್ಟಿಕೊಂಡು ಗಾಲ್‌ನ ಬಯಲಿನಲ್ಲಿ ಹೂಣರ ರಾಜ ಅಟ್ಟಿಲನನ್ನು ತಡೆದ. ಮೂರು ವರ್ಷಗಳ ನಂತರ ಅವನನ್ನು ಅರಮನೆಯಲ್ಲೇ ಸ್ವತಃ ವ್ಯಾಲೆಂಟಿನಿಯನ್ ಕತ್ತಿಯಿಂದ ಇರಿದು ಕೊಂದ; ಆರು ತಿಂಗಳಲ್ಲಿ ಏಟಿಯಸ್‌ನ ಕಡೆಯವರು ವ್ಯಾಲೆಂಟಿನಿಯನ್‌ನನ್ನು ಕೊಂದರು. 455ರ ಜೂನಿನಲ್ಲಿ ಗೈಸೆರಿಕ್ ಹಡಗುಗಳಲ್ಲಿ ಬಂದು ಹದಿನಾಲ್ಕು ದಿನ ರೋಮನ್ನು ದೋಚಿದ. ವಿಧವೆ ರಾಣಿಯನ್ನೂ ಇಬ್ಬರು ರಾಜಕುಮಾರಿಯರನ್ನೂ ಕರೆದೊಯ್ದ.

457ರಲ್ಲಿ ಪಟ್ಟಕ್ಕೆ ಬಂದ ಮೇಜೋರಿಯನ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕೆನಿಸುತ್ತದೆ. ನಮ್ಮಲ್ಲಿ ಅವನ ಹೆಸರು ಕೇಳಿದವರೇ ಕಡಿಮೆ. ರೋಮ್‌ನ ಹಳೆಯ ಕಟ್ಟಡಗಳ ಕಲ್ಲು ಕಿತ್ತು ಸ್ವಂತ ಮನೆಗಳಿಗೆ ಬಳಸುವುದನ್ನು ನಿಷೇಧಿಸಿ 458ರಲ್ಲಿ ಶಾಸನ ಹೊರಡಿಸಿದ. ಎಲ್ಲಕ್ಕಿಂತ ಮುಖ್ಯವಾಗಿ, ಆಫ್ರಿಕ ಮರಳಿ ಬರದೆ ಸಾಮ್ರಾಜ್ಯ ಉಳಿಯದು ಎಂದು ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು. ಗಾಲ್‌ನಲ್ಲಿ ಗಾಥರನ್ನು ಬಗ್ಗಿಸಿ, ಸ್ಪೇನಿನ ಕಾರ್ತಹೇನ ಕಡೆಯ ಕರಾವಳಿಯಲ್ಲಿ 300 ಹಡಗುಗಳನ್ನು ಕೂಡಿಸಿದ. 460ರಲ್ಲಿ, ದಾಟುವ ಮುನ್ನವೇ, ಒಳಗಿನವರ ದ್ರೋಹದಿಂದ ಆ ಹಡಗುಗಳು ವ್ಯಾಂಡಲರ ಪಾಲಾದವು. ಇಟಲಿಗೆ ಮರಳಿದವನನ್ನು 461ರ ಆಗಸ್ಟಿನಲ್ಲಿ ತನ್ನದೇ ದಂಡನಾಯಕ ರಿಸಿಮರ್ ಸೆರೆಹಿಡಿದು ಕೊಲ್ಲಿಸಿದ.

ಕೊನೆಯ ಪ್ರಯತ್ನ 468ರದ್ದು. ಪೂರ್ವದ ಚಕ್ರವರ್ತಿ ಲಿಯೊ ಸುಮಾರು ಸಾವಿರ ಹಡಗುಗಳ ಪಡೆ ಕಳಿಸಿದ. ಖರ್ಚು 1,30,000 ಪೌಂಡ್ ಚಿನ್ನ ಎಂದು ಚರಿತ್ರಕಾರ ಪ್ರೊಕೋಪಿಯಸ್ ಬರೆಯುತ್ತಾನೆ. ಕಾರ್ಥೇಜ್‌ಗೆ ಸಮೀಪದ ಬಾನ್ ಭೂಶಿರದಲ್ಲಿ ಲಂಗರು ಹಾಕಿದ ಸೇನಾಪತಿ ಬೆಸಿಲಿಸ್ಕಸ್‌ನನ್ನು ಗೈಸೆರಿಕ್ ಐದು ದಿನ ಅವಕಾಶ ಕೇಳಿದ, ಅವನು ಕೊಟ್ಟ. ಆ ಐದು ದಿನಗಳಲ್ಲಿ ಗಾಳಿ ತಿರುಗಿತು. ವ್ಯಾಂಡಲರು ಖಾಲಿ ಹಡಗುಗಳಿಗೆ ಬೆಂಕಿ ಹಚ್ಚಿ ಗಾಳಿಗೆ ಬಿಟ್ಟರು, ಒತ್ತೊತ್ತಾಗಿ ನಿಂತಿದ್ದ ರೋಮನ್ ಪಡೆ ಹೊತ್ತಿಕೊಂಡಿತು. ಪೂರ್ವದ ಬೊಕ್ಕಸ ಬರಿದಾಯಿತು, ಮತ್ತೆ ನೆರವು ಕಳಿಸುವ ಶಕ್ತಿ ಅದಕ್ಕೆ ಉಳಿಯಲಿಲ್ಲ.

ಇಷ್ಟೆಲ್ಲ ಅರಮನೆ, ಹಡಗು, ದಂಡನಾಯಕರ ಕಥೆಯಾಯಿತು. ಸಂಬಳ ನಿಂತರೆ ಗಡಿಯಲ್ಲಿ ನಿಂತ ಮನುಷ್ಯನಿಗೆ ಏನಾಗುತ್ತದೆ? ಇದಕ್ಕೊಂದು ಸಾಕ್ಷಿ ಉಳಿದಿದೆ. ಡ್ಯಾನ್ಯೂಬ್ ದಡದಲ್ಲಿ, ಇಂದಿನ ಆಸ್ಟ್ರಿಯ ಮತ್ತು ಬವೇರಿಯದ ಸೀಮೆಯಲ್ಲಿ, ಸೆವೆರಿನಸ್ ಎಂಬ ಸಂತನಿದ್ದ. 482ರಲ್ಲಿ ತೀರಿಕೊಂಡ. ಶಿಷ್ಯ ಯೂಜಿಪ್ಪಿಯಸ್ ಅವನ ಚರಿತ್ರೆ ಬರೆದ. ಪವಾಡಗಳ ನಡುವೆ ಅದರಲ್ಲಿ ಒಂದು ಸಣ್ಣ ಅಧ್ಯಾಯವಿದೆ. ಸಾಮ್ರಾಜ್ಯ ನಿಂತಿದ್ದಾಗ ಅನೇಕ ಊರುಗಳ ಸೈನಿಕರಿಗೆ ಗಡಿ ಕಾಯಲು ಸರ್ಕಾರದ ಸಂಬಳ ಬರುತ್ತಿತ್ತು. ಆ ಪದ್ಧತಿ ನಿಂತಾಗ ದಳಗಳೂ ಚದುರಿದವು, ಗಡಿಯೂ ಅಳಿಯಿತು. ಬಟಾವಿಸ್ ಎಂಬಲ್ಲಿನ ದಳ ಮಾತ್ರ ಉಳಿಯಿತು. ಬಟಾವಿಸ್ ಎಂದರೆ ಇಂದಿನ ಪಸ್ಸೌ ನಗರ. ಆ ದಳದ ಕೆಲವರು ಜೊತೆಗಾರರಿಗೆ ಬರಬೇಕಿದ್ದ ಕೊನೆಯ ಸಂಬಳ ತರಲು ಇಟಲಿಗೆ ಹೊರಟರು. ದಾರಿಯಲ್ಲಿ ಶತ್ರುಗಳು ಅವರನ್ನು ಕೊಂದದ್ದು ಯಾರಿಗೂ ತಿಳಿಯಲಿಲ್ಲ. ಒಂದು ದಿನ ಸೆವೆರಿನಸ್ ಓದುತ್ತ ಕುಳಿತಿದ್ದವನು ಪುಸ್ತಕ ಮುಚ್ಚಿ ನಿಟ್ಟುಸಿರಿಟ್ಟು ಅತ್ತ, ನದಿಯ ಹತ್ತಿರ ಹೋಗಿ ನೋಡಿ ಎಂದ. ಹೊಳೆಯ ನೀರು ಆ ಸೈನಿಕರ ಹೆಣಗಳನ್ನು ದಡಕ್ಕೆ ತಂದಿತ್ತು.

ಪತನದ ಬಗ್ಗೆ ಬರೆದ ಯಾವ ದೊಡ್ಡ ಪುಸ್ತಕಕ್ಕಿಂತಲೂ ಈ ಅಧ್ಯಾಯ ನನ್ನನ್ನು ಹೆಚ್ಚು ಕಲಕುತ್ತದೆ. ಅವರು ಓಡಿಹೋಗಬಹುದಿತ್ತು. ಓಡಿಹೋಗದೆ, ಸಂಬಳ ಇನ್ನೂ ಎಲ್ಲೋ ಇದೆ ಎಂದು ನಂಬಿ, ಆಲ್ಪ್ಸ್ ಬೆಟ್ಟದ ಕಡೆಗೆ ನಡೆದರು. ರೋಮನ್ ರಾಜ್ಯವನ್ನು ಕೊನೆಯವರೆಗೆ ನಂಬಿದವರು ಯಾರು ಎಂದು ಕೇಳಿದರೆ ನಾನು ಈ ಹೆಸರಿಲ್ಲದವರನ್ನು ತೋರಿಸುತ್ತೇನೆ.

476ರ ಘಟನೆ ನಡೆದದ್ದೂ ಸಂಬಳದ ಪ್ರಶ್ನೆಯ ಮೇಲೆಯೇ. ಇಟಲಿಯಲ್ಲಿ ಉಳಿದಿದ್ದ ಸೇನೆ, ಹಣವಿಲ್ಲದಿದ್ದರೆ ಜಮೀನು ಕೊಡಿ, ಇಟಲಿಯ ಭೂಮಿಯಲ್ಲಿ ಮೂರನೆಯ ಒಂದು ಪಾಲು ನಮಗಿರಲಿ ಎಂದು ಕೇಳಿತು. ಬಾಲಕ ಚಕ್ರವರ್ತಿ ರೊಮುಲುಸ್‌ನ ತಂದೆ ಒರೆಸ್ಟಿಸ್ ಒಪ್ಪಲಿಲ್ಲ. ಕೊಡಿಸುತ್ತೇನೆ ಎಂದ ಓಡೊವಾಕರನನ್ನು ಸೈನಿಕರು ರಾಜನೆಂದು ಎತ್ತಿಹಿಡಿದರು. ಒರೆಸ್ಟಿಸ್ ಪಿಯಾಚೆನ್ಸದಲ್ಲಿ ಸತ್ತ. ಮುಂದಿನದನ್ನು ಮೊದಲೇ ಹೇಳಿದ್ದೇನೆ.

ಇದು ಪತನವೇ ಅಲ್ಲ, ಒಂದು ಲೋಕ ಮೆಲ್ಲನೆ ಇನ್ನೊಂದಾಗಿ ಬದಲಾದದ್ದು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಧರ್ಮ, ಭಾಷೆ, ಕಾನೂನುಗಳ ಮಟ್ಟಿಗೆ ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಪುರಾತತ್ತ್ವದ ಅಗೆತಗಳಲ್ಲಿ ಸಿಗುವ ಬಡವರ ಮನೆಗಳನ್ನು ನೋಡಿ. ರೋಮನ್ ಕಾಲದ ಇಟಲಿಯಲ್ಲಿ ಸಾಮಾನ್ಯ ರೈತನ ಮನೆಗೂ, ದನದ ಕೊಟ್ಟಿಗೆಗೂ ಹೆಂಚಿನ ಮಾಡಿತ್ತು. ಆಮೇಲಿನ ಶತಮಾನಗಳಲ್ಲಿ ಮರ, ಹುಲ್ಲು. ಬ್ರಿಟನ್ನಿನಲ್ಲಿ ಐದನೆಯ ಶತಮಾನದ ಆರಂಭದಲ್ಲೇ ಹೊಸ ನಾಣ್ಯಗಳು ಬರುವುದು ನಿಂತಿತು, ಕುಂಬಾರನ ತಿರುಗುವ ಚಕ್ರವೇ ಕಣ್ಮರೆಯಾಗಿ ಕೈಯಲ್ಲಿ ತಟ್ಟಿದ ಒರಟು ಮಡಕೆಗಳು ಉಳಿದವು. ಒಂದು ಕಾಲಕ್ಕೆ ಹತ್ತು ಲಕ್ಷ ಜನರಿದ್ದರೆಂದು ಅಂದಾಜಿಸುವ ರೋಮ್ ನಗರದಲ್ಲಿ ಆರನೆಯ ಶತಮಾನದ ಕೊನೆಗೆ ಉಳಿದದ್ದು ಕೆಲವು ಹತ್ತು ಸಾವಿರ. ಚಕ್ರ ಮರೆತ ಕುಂಬಾರನ ಮಗನಿಗೆ ಇದು ಬದಲಾವಣೆ ಎಂದು ಹೇಳುವುದು ನನಗೆ ಸಾಧ್ಯವಿಲ್ಲ. ಅವನು ಕಳೆದುಕೊಂಡ.

ಪೂರ್ವ ಏಕೆ ಉಳಿಯಿತು ಎಂಬುದಕ್ಕೂ ಇದೇ ಎಳೆಯಲ್ಲಿ ಉತ್ತರವಿದೆ. 413ರಲ್ಲಿ ಕಟ್ಟಿದ ಗೋಡೆ ಕಾನ್‌ಸ್ಟಾಂಟಿನೋಪಲ್‌ಗೆ ಕಾವಲಾಗಿತ್ತು. ಡ್ಯಾನ್ಯೂಬ್ ದಾಟಿ ಬಂದವರು ಬಾಲ್ಕನ್ ಸೀಮೆಯನ್ನು ಹಾಳುಮಾಡಬಲ್ಲವರಾದರೂ ಆ ಗೋಡೆಯನ್ನೂ ಕಡಲನ್ನೂ ಮೀರಿ ಈಜಿಪ್ಟ್, ಸಿರಿಯಗಳನ್ನು ಮುಟ್ಟಲಾರರು. ಅಲ್ಲಿನ ತೆರಿಗೆ ತಪ್ಪದೆ ಬರುತ್ತಿತ್ತು. ಅಟ್ಟಿಲನಿಗೆ ವರ್ಷಕ್ಕೆ 2,100 ಪೌಂಡ್ ಚಿನ್ನದ ಕಪ್ಪ ಒಪ್ಪಿಕೊಂಡೂ ಆ ರಾಜ್ಯ ನಿಂತಿತು.

ಇನ್ನು ಆ ಸೆನೆಟರುಗಳು. ಅವರು 476ರಲ್ಲಿ ಎಲ್ಲೂ ಹೋಗಲಿಲ್ಲ. ಓಡೊವಾಕರ್ ಅವರನ್ನು ಗೌರವದಿಂದ ನಡೆಸಿಕೊಂಡ. ಅವನ ಕಾಲದಲ್ಲಿ ಕೊಲೋಸಿಯಮ್ಮಿನ ಆಸನಗಳಲ್ಲಿ ಕೆತ್ತಿದ ಸೆನೆಟರುಗಳ ಹೆಸರುಗಳನ್ನು ಇಂದಿಗೂ ಓದಬಹುದು. ಮುಂದೆ 533ರಲ್ಲಿ ಪೂರ್ವದ ಚಕ್ರವರ್ತಿ ಜಸ್ಟಿನಿಯನ್ ಕಳಿಸಿದ ಬೆಲಿಸೇರಿಯಸ್ ಸುಮಾರು 15,000 ಸೈನಿಕರೊಡನೆ ಆಫ್ರಿಕಕ್ಕೆ ಇಳಿದು, ಮೂರು ವಾರದೊಳಗೆ ಕಾರ್ಥೇಜ್ ಹೊಕ್ಕ, ವರ್ಷ ಮುಗಿಯುವುದರೊಳಗೆ ವ್ಯಾಂಡಲ್ ರಾಜ್ಯವನ್ನೇ ಮುಗಿಸಿದ. ಮೇಜೋರಿಯನ್ ಬಯಸಿದ್ದು ಆಗದ ಕೆಲಸವಾಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಆಫ್ರಿಕದ ತೆರಿಗೆಯಿಂದ ಸಂಬಳ ಪಡೆಯಬೇಕಿದ್ದ ಪಶ್ಚಿಮದ ಸೇನೆ ಆಗ ಇರಲಿಲ್ಲ. ಜಸ್ಟಿನಿಯನ್ 535ರಲ್ಲಿ ಇಟಲಿಗೂ ಕೈಹಾಕಿದ. ಸುಮಾರು ಇಪ್ಪತ್ತು ವರ್ಷ ನಡೆದ ಆ ಯುದ್ಧದಲ್ಲಿ ರೋಮ್ ಮತ್ತೆ ಮತ್ತೆ ಕೈಬದಲಾಯಿತು, ಹಳೆಯ ಮನೆತನಗಳು ಕೊಲೆಗೆ, ಹಸಿವಿಗೆ, ವಲಸೆಗೆ ಸಿಕ್ಕಿ ಅಳಿದವು. 630ರ ಸುಮಾರಿಗೆ ಪೋಪ್ ಒಂದನೆಯ ಹೊನೋರಿಯಸ್ ಸೆನೆಟ್ ಭವನವನ್ನು ಚರ್ಚಾಗಿ ಮಾರ್ಪಡಿಸಿದಾಗ ಅದನ್ನು ತಮ್ಮದೆಂದು ಕೇಳುವ ಸೆನೆಟ್ ಇರಲಿಲ್ಲ.